ಸಹ್ಯಾದ್ರಿಯ ನಾಮರೂಪ

ಬೆಳಗಾವಿ ನಗರವು ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಅಲ್ಲಿಂದ ನೈಋತ್ಯಕ್ಕೆ, ಜಾಂಬೋಟಿಯನ್ನು ಹಾದು ಚೋರ್ಲಾ ಘಟ್ಟದ ಕಡೆಗೆ ಸಾಗುವ ದಾರಿಯಲ್ಲಿ, ಖಾನಾಪುರ ತಾಲ್ಲೂಕಿನ ಕಟ್ಟಕಡೆಯ ಊರುಗಳಲ್ಲೊಂದಾದ ಕಣಕುಂಬಿಯ ಎತ್ತರ ಸುಮಾರು 2,600 ಅಡಿ. ಎಂದರೆ, ಬಯಲೆಂದು ನಾವು ಬಗೆದಿರುವ ಪೇಟೆಯ ನೆಲಕ್ಕೂ ಮಲೆಯೆಂದು ಹೆಸರಿಟ್ಟು ಹೊಗಳುವ ಕಾಡಿನ ನೆಲಕ್ಕೂ ಇರುವ ಅಂತರ ನೂರು ಅಡಿಯ ಆಸುಪಾಸಿನದು. ಹೀಗಿದ್ದೂ ಆಷಾಢದ ಒಂದು ದಿನ ಕಣಕುಂಬಿಯಲ್ಲಿ ನಿಂತವನು ತಾನು ಮಲೆಯಲ್ಲಿದ್ದೇನೆಂಬುದನ್ನು ಅರೆಗಳಿಗೆಯೂ ಮರೆಯಲಾರನು. ಮನೆಯ ಗೋಡೆಗಳಿಗೆ ತಟ್ಟಿ ಕಟ್ಟಿರುತ್ತಾರೆ. ಹಂಚಿನ ಮೇಲೆ ಹಾವಸೆ ಹಬ್ಬಿರುತ್ತದೆ. ಹತ್ತು ಮಾರು ದೂರದ ಮರ ಕಾಣುವುದಿಲ್ಲ. ಹಗಲು ಯಾವುದು ಸಂಜೆ ಯಾವುದು ಎಂದು ತಿಳಿಯುವುದಿಲ್ಲ. ಮಳೆ ತೆರವಾದ ದಿನ ಇನ್ನಷ್ಟು ಪಡುವಣಕ್ಕೆ ನಡೆದರೆ ನೆಲವೇ ಥಟ್ಟನೆ ಮುಗಿದುಹೋಗಿ, ಗೋವೆಯ ಕಣಿವೆಗಳು ಕಾಲಡಿಯಲ್ಲಿ ತೆರೆದುಕೊಳ್ಳುತ್ತವೆ.

ಆ ಕಣಿವೆಗಳಿಂದ ತಲೆಯೆತ್ತಿ ನೋಡುವವನಿಗೆ ಇದೇ ಭೂಮಿ ಆಕಾಶವನ್ನು ತಡೆದು ನಿಂತ ಗೋಡೆ. ತಲೆಯ ಮೇಲೆ ಉಪ್ಪಿನ ಮೂಟೆ ಹೊತ್ತು ಅದನ್ನು ಏರಿದವರು ಅದನ್ನು ಮೆಟ್ಟಿಲೆಂದು ಕಂಡು ಘಟ್ಟವೆಂದು ಕರೆದರು. ಮೂಡಲ ಸೀಮೆಯ ಎರೆಯ ಹೊಲಗಳಲ್ಲಿ ಜೋಳ ಬೆಳೆಯುವವರು, ಮಳೆಯ ಮೋಡ ಯಾವ ದಿಕ್ಕಿನಿಂದ ಬರುವುದೋ ಆ ದಿಕ್ಕನ್ನು ಮಲ್ಲಾಡವೆಂದರು. ಪುರಾಣಕಾರರು ಭರತಖಂಡದ ಏಳು ಕುಲಪರ್ವತಗಳನ್ನು ಎಣಿಸುವಾಗ ಮಹೇಂದ್ರ ಮಲಯಗಳ ಜೊತೆಗೆ ಸಹ್ಯವನ್ನೂ ಎಣಿಸಿದರು. ಭೂವಿಜ್ಞಾನಿಗಳು ಬಂದು, ಲಾವಾರಸ ಪದರುಪದರಾಗಿ ಹರಿದು ಹೆಪ್ಪುಗಟ್ಟಿದ ಈ ಕರಿಗಲ್ಲಿನ ಹಾಸಿಗೆ ‘ಡೆಕ್ಕನ್ ಟ್ರ್ಯಾಪ್’ ಎಂದು ಹೆಸರು ಕೊಟ್ಟರು. ‘ಟ್ರ್ಯಾಪ್’ ಎಂಬ ಮಾತು ಸ್ವೀಡನ್ ದೇಶದ ಭಾಷೆಯದು, ಅದರ ಅರ್ಥವೂ ಮೆಟ್ಟಿಲೆಂದೇ. ಹಿಮದ ನಾಡಿನ ಪಂಡಿತನ ಮಾತೂ ಕೊಂಕಣದ ಹೊರೆಯಾಳಿನ ಮಾತೂ ಪರಸ್ಪರ ಅರಿಯದೆ ಒಂದೇ ಕಾಣ್ಕೆಗೆ ಬಂದು ಮುಟ್ಟಿದುದು ವಿಸ್ಮಯಾವಹವಾದರೂ, ಅದು ಮಲೆಯ ಒಂದು ಮುಖದ ಕಾಣ್ಕೆಯೇ ಹೊರತು ಸಮಗ್ರದರ್ಶನವಲ್ಲ; ಬೆಳಗಾವಿಯ ಕಡೆಯಿಂದ ಬಂದವನಿಗೆ ಅಲ್ಲಿ ಏರುವುದಕ್ಕೆ ಮೆಟ್ಟಿಲೇ ಇಲ್ಲ.

ಹಾಗಾದರೆ ಮಲೆಯೆಂಬುದು ಇರುವುದೆಲ್ಲಿ? ನೆಲದಲ್ಲಿಯೋ, ನೋಡುವವನು ನಿಂತ ಠಾವಿನಲ್ಲಿಯೋ, ಅಥವಾ ಅವನ ನಾಲಗೆಯಲ್ಲಿಯೋ? ಹೆಸರು ವಸ್ತುವಿನ ಸ್ವರೂಪದಲ್ಲಿ ಭಾಗಿಯೋ, ಅಥವಾ ವ್ಯವಹಾರಕ್ಕಾಗಿ ನಾವು ತೊಡಿಸಿದ ಅಂಗಿಯೋ? ಭೂಗೋಳದ ಪಾಠದಂತೆ ತೋರುವ ಈ ಪ್ರಶ್ನೆ ವಸ್ತುತಃ ಧರ್ಮಜಿಜ್ಞಾಸೆಯದು. ನಮ್ಮ ಪೂರ್ವಿಕರು ಇದನ್ನು ನಾಮರೂಪವೆಂಬ ಜೋಡುಮಾತಿನಲ್ಲಿ ಹಿಡಿದಿಟ್ಟು, ಎರಡೂವರೆ ಸಾವಿರ ವರ್ಷಗಳಿಂದ ಅದರ ಸುತ್ತ ವಾದಿಸುತ್ತ ಬಂದಿದ್ದಾರೆ. ಖಾನಾಪುರದ ಸೀಮೆ ಆ ವಾದಕ್ಕೆ ತಕ್ಕ ನೆಲವಾಗಿದೆ. ಏಕೆಂದರೆ ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ತನ್ನ ಮಗ ಶ್ವೇತಕೇತುವಿಗೆ ಈ ವಿಷಯವನ್ನು ಬೋಧಿಸುವಾಗ ಎತ್ತಿಕೊಂಡ ದೃಷ್ಟಾಂತಗಳಲ್ಲಿ ಎರಡು ಮುಖ್ಯವಾದವು, ಮಣ್ಣು ಮತ್ತು ನದಿ. ಇವೆರಡೂ ಖಾನಾಪುರದ ಸ್ವಂತ ಸಂಪತ್ತು.

ಮಣ್ಣನ್ನು ಮೊದಲು ನೋಡೋಣ. ಖಾನಾಪುರದ ಸುತ್ತಿನ ಜೇಡಿಮಣ್ಣು ಹೆಸರಾದುದು. ಹಂಚಿಗೂ ಹರವಿಗೂ ಅದು ಒದಗಿಬರುವ ಕಾರಣದಿಂದಲೇ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆ ಅಲ್ಲಿ ನೆಲೆಗೊಂಡಿತು. ಕುಂಬಾರನು ತಿಗರಿಯ ನಡುವೆ ಹದವಾದ ಮುದ್ದೆಯನ್ನು ಇಟ್ಟು ತಿರುಗಿಸಿ, ಎರಡು ಹೆಬ್ಬೆರಳನ್ನು ಒತ್ತುವಷ್ಟರಲ್ಲಿ ಅದಕ್ಕೆ ಬಾಯಿ ಮೂಡುತ್ತದೆ. ಇನ್ನೊಂದು ಸುತ್ತಿಗೆ ಕುತ್ತಿಗೆ, ಮತ್ತೊಂದು ಸುತ್ತಿಗೆ ಹೊಟ್ಟೆ. ನೋಡುತ್ತಿರುವ ಹುಡುಗನೊಬ್ಬ ಅದನ್ನು ಕೊಡವೆನ್ನುತ್ತಾನೆ. ಕುಂಬಾರನು ಅಂಗೈಯಿಂದ ಮೆಲ್ಲನೆ ಅದುಮಿ ಅಗಲಿಸಿದರೆ ಅದೇ ಮುದ್ದೆ ಬೋಗುಣಿಯಾಗುತ್ತದೆ, ಹುಡುಗನ ಮಾತು ಸುಳ್ಳಾಗುತ್ತದೆ. ಮಣ್ಣು ಮಾತ್ರ ಮೊದಲಿನ ಮಣ್ಣೇ. ಉದ್ದಾಲಕನು ಹೇಳುವುದು ಇದನ್ನೇ: ವಿಕಾರವೆಲ್ಲ ಬರಿಯ ಮಾತಿನ ಆಸರೆಯುಳ್ಳ ಹೆಸರು, ನಿಜವಾದದ್ದು ಮೃತ್ತಿಕೆ. ಅನಂತರ ಅವನು ನದಿಗಳ ಮಾತೆತ್ತಿ, ಮೂಡಲಿಗೆ ಹರಿಯುವುವೂ ಪಡುವಲಿಗೆ ಹರಿಯುವುವೂ ಸಮುದ್ರವನ್ನು ಸೇರಿದ ಮೇಲೆ ತಾನು ಇಂಥ ನದಿಯೆಂಬುದನ್ನು ಅರಿಯವೆನ್ನುತ್ತಾನೆ. ಮುಂಡಕೋಪನಿಷತ್ತು ಇನ್ನೂ ಸ್ಪಷ್ಟವಾಗಿ, ನದಿಗಳು ಹೆಸರು ಆಕಾರಗಳೆರಡನ್ನೂ ಬಿಟ್ಟು ಕಡಲಲ್ಲಿ ಅಸ್ತವಾಗುವಂತೆ ಜ್ಞಾನಿಯು ಪರಮಪುರುಷನನ್ನು ಸೇರುವನೆನ್ನುತ್ತದೆ.

ಮೂಡಲಿಗೂ ಪಡುವಲಿಗೂ ಹರಿಯುವ ನದಿಗಳನ್ನು ಒಂದೇ ಕಡೆ ನೋಡಬೇಕೆನ್ನುವವರು ಕಣಕುಂಬಿಯ ಸೀಮೆಗೆ ಹೋಗಬಹುದು. ಅಲ್ಲಿಯ ಮಾವುಲಿ ದೇವಿಯ ಗುಡಿಯ ಬಳಿ ಮಲಪ್ರಭೆ ಹುಟ್ಟಿ ಮೂಡಣಕ್ಕೆ ಹೊರಡುತ್ತಾಳೆ. ಅದೇ ಸೀಮೆಯ ಕಳಸಾ ಹಳ್ಳ ಪಡುವಣಕ್ಕೆ ತಿರುಗಿ ಮಹದಾಯಿಯನ್ನು ಸೇರುತ್ತದೆ. ಮಹದಾಯಿಯು ಇದೇ ತಾಲ್ಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟಿ, ಗೋವೆಯಲ್ಲಿ ಮಾಂಡವಿಯೆನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಒಂದೇ ಮೋಡದಿಂದ ಒಂದೇ ಗಳಿಗೆಯಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ಪಡುಗಡಲಿಗೂ ಇನ್ನೊಂದು ಮಲಪ್ರಭೆ ಕೃಷ್ಣೆಯರ ಹಾದಿಯಾಗಿ ಮೂಡುಗಡಲಿಗೂ ಸೇರುವುದಕ್ಕೆ ನಡುವೆ ಬೇಕಾದುದು ಒಂದು ದಿಣ್ಣೆಯ ಏರು ಮಾತ್ರ. ಹನಿಗೆ ಹೆಸರಿಲ್ಲ. ಅದು ಯಾವ ರಾಜ್ಯದ್ದೆಂಬುದನ್ನು ನಿರ್ಣಯಿಸಲು ಮಾತ್ರ ನ್ಯಾಯಾಧಿಕರಣವೊಂದು ವರ್ಷಗಟ್ಟಲೆ ಕುಳಿತು, 2018ರ ಆಗಸ್ಟಿನಲ್ಲಿ ಐತೀರ್ಪನ್ನು ಕೊಟ್ಟಿತು.

ವೇದಾಂತದ ಈ ಪಕ್ಷವನ್ನು ಒಪ್ಪಿಕೊಂಡವನಿಗೆ ಊರಿನ ಹೆಸರು, ಮಲೆಯ ಹೆಸರು, ಕಡೆಗೆ ತನ್ನ ಹೆಸರು ಕೂಡ ಕುಂಬಾರನ ಮುಂದೆ ಕುಳಿತ ಹುಡುಗನ ಮಾತೇ ಸರಿ. ಸಂನ್ಯಾಸಿಯು ಪೂರ್ವಾಶ್ರಮದ ಹೆಸರನ್ನು ತೊರೆಯುವುದರ ಅರ್ಥವೂ ಇದೇ. 1892ರ ಅಕ್ಟೋಬರಿನಲ್ಲಿ ಬಂಗಾಳದ ತರುಣ ಪರಿವ್ರಾಜಕರೊಬ್ಬರು ಬೆಳಗಾವಿಗೆ ಬಂದು, ವಕೀಲ ಭಾಟೆಯವರ ಮನೆಯಲ್ಲಿಯೂ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿಯೂ ಕೆಲವು ದಿನ ತಂಗಿದ್ದರು. ವಿವೇಕಾನಂದರೆಂಬ ಹೆಸರು ಲೋಕವಿಖ್ಯಾತವಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು. ಒಂದು ಹೆಸರನ್ನು ಬಿಟ್ಟವರಿಗೂ ಇನ್ನೊಂದು ಹೆಸರು ಬೇಕಾಯಿತೆಂಬುದನ್ನು ಮಾತ್ರ ನಾವು ಗಮನಿಸಬೇಕು. ಉದ್ದಾಲಕನ ಬೋಧೆಯನ್ನೇ ನೋಡಿ: ವಿಕಾರವೆಲ್ಲ ಬರಿಯ ನಾಮವೆಂದು ಸಾರಿದ ಆ ತಂದೆಯು ಮಗನಿಗೆ ಮಹಾವಾಕ್ಯವನ್ನು ಒಂಬತ್ತು ಸಲ ಉಪದೇಶಿಸುತ್ತಾನಷ್ಟೆ; ಆ ಒಂಬತ್ತು ಸಲವೂ ಉಪದೇಶ ಮುಗಿಯುವುದು ಮಗನ ಹೆಸರು ಹಿಡಿದು ಕೂಗುವುದರಲ್ಲಿ. ಹೆಸರನ್ನು ಅಳಿಸುವ ಪಾಠಕ್ಕೂ ಹೆಸರು ಹಿಡಿದು ಕರೆದಲ್ಲದೆ ಕಿವಿ ತೆರೆಯುವುದಿಲ್ಲವೆಂದಾಯಿತು. ಆದಕಾರಣ ನಾಮವು ಮಿಥ್ಯೆಯೆಂದು ಒಂದೇ ಮಾತಿನಲ್ಲಿ ಕೈತೊಳೆದುಕೊಳ್ಳುವವರು ಉಪನಿಷತ್ತನ್ನು ಅರ್ಧ ಓದಿದವರೆಂದೇ ನನ್ನ ಎಣಿಕೆ.

ಇಲ್ಲಿ ಜೈನರ ವಿವೇಚನೆ ನಮಗೆ ಹೆಚ್ಚು ನೆರವಾಗುತ್ತದೆ. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯನ್ನು ಹೊಕ್ಕು, ನೆತ್ತಿಯ ಮೇಲೆ ಕೆಳಮುಖವಾಗಿ ಅರಳಿ ತೂಗುವ ಕಲ್ಲಿನ ಕಮಲವನ್ನು ಕತ್ತು ನೋಯುವವರೆಗೆ ನೋಡಿದವರು, ಅದನ್ನು ಕಟ್ಟಿಸಿದವರ ತತ್ತ್ವವನ್ನೂ ಒಂದಿಷ್ಟು ನೆನೆಯುವುದು ಯುಕ್ತ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಈ ಬಸದಿಯನ್ನು ಮಾಡಿಸಿದಾಗ ಊರಿಗೆ ವೇಣುಗ್ರಾಮವೆಂಬ ಹೆಸರಿತ್ತು; ಆ ಕಾಲದ ಎರಡು ಶಿಲಾಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಜೈನಾಚಾರ್ಯರು ಒಂದು ಪದವನ್ನು ವಸ್ತುವಿಗೆ ಹಚ್ಚುವ ಕ್ರಮಗಳನ್ನು ನಾಲ್ಕಾಗಿ ವಿಂಗಡಿಸಿ ನಿಕ್ಷೇಪಗಳೆಂದು ಕರೆದರು. ಗುಣವನ್ನು ಅಪೇಕ್ಷಿಸದೆ ಸುಮ್ಮನೆ ಇಟ್ಟ ಹೆಸರು ನಾಮನಿಕ್ಷೇಪ. ಒಂದರಲ್ಲಿ ಇನ್ನೊಂದನ್ನು ಭಾವಿಸಿ ಪ್ರತಿಷ್ಠಿಸುವುದು ಸ್ಥಾಪನಾನಿಕ್ಷೇಪ. ಹಿಂದೆ ಹಾಗಿದ್ದುದನ್ನೋ ಮುಂದೆ ಹಾಗಾಗಲಿರುವುದನ್ನೋ ಈಗಲೇ ಆ ಹೆಸರಿನಿಂದ ಕರೆಯುವುದು ದ್ರವ್ಯನಿಕ್ಷೇಪ. ಈ ಕ್ಷಣದಲ್ಲಿ ನಿಜವಾಗಿ ಆ ಗುಣವುಳ್ಳದ್ದನ್ನು ಹಾಗೆ ಕರೆಯುವುದು ಭಾವನಿಕ್ಷೇಪ.

ಈ ಅಳತೆಗೋಲನ್ನು ಹಿಡಿದು ನಮ್ಮ ಸೀಮೆಯಲ್ಲಿ ಒಮ್ಮೆ ಸುತ್ತಾಡಿ ಬಂದರೆ ಎಷ್ಟೋ ಗೊಂದಲ ತಿಳಿಯಾಗುತ್ತದೆ. ಬಿದಿರಿನಿಂದ ಹೆಸರು ಪಡೆದ ವೇಣುಗ್ರಾಮವು ಬೆಳಗಾಂ ಆಗಿ, 2014ರ ನವೆಂಬರ್ 1ರಂದು ಸರಕಾರಿ ಕಾಗದದಲ್ಲಿಯೂ ಬೆಳಗಾವಿಯಾಯಿತು. ಖಡೇಬಜಾರಿನಲ್ಲಿ ಬಿದಿರು ಹುಡುಕುವವರು ಬುಟ್ಟಿ ಏಣಿಗಳ ಅಂಗಡಿಗೆ ಹೋಗಬೇಕು. ಅದು ಈಗ ನಾಮನಿಕ್ಷೇಪ. ಖಾನಾಪುರದ ಆಗ್ನೇಯಕ್ಕಿರುವ ಹಲಸಿಯು ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕೆ. ಮೃಗೇಶವರ್ಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ದತ್ತಿ ಬಿಟ್ಟುದು ತಾಮ್ರಪಟದಿಂದ ತಿಳಿದುಬರುತ್ತದೆ. ಗೋವೆಯ ಕದಂಬರ ಕಾಲಕ್ಕೆ ಅದರ ಸುತ್ತಿನ ನಾಡು ಹಲಸಿಗೆ ಹನ್ನೆರಡು ಸಾವಿರವೆನಿಸಿತ್ತು. ಇಂದು ಅದು ಹೊಲಗದ್ದೆಗಳ ನಡುವಿನ ಹಳ್ಳಿ. ಅಲ್ಲಿಯ ಭೂವರಾಹ ನರಸಿಂಹ ದೇಗುಲದಲ್ಲಿ ಎರಡು ಗರ್ಭಗೃಹಗಳು ಒಂದನ್ನೊಂದು ನೋಡುತ್ತ ನಿಂತಿವೆ. ಅವುಗಳ ನಡುವೆ ನಿಂತವನು ಯಾವ ದೇವರಿಗೆ ಕೈಮುಗಿದರೂ ಇನ್ನೊಬ್ಬ ದೇವರಿಗೆ ಬೆನ್ನು ತೋರಿಸದೆ ಗತ್ಯಂತರವಿಲ್ಲ. ಈ ಊರನ್ನು ಈಗಲೂ ರಾಜಧಾನಿಯೆನ್ನುವುದು ದ್ರವ್ಯನಿಕ್ಷೇಪ. ಇನ್ನು ಭಾವನಿಕ್ಷೇಪಕ್ಕೆ ಎಲ್ಲಿಗೆ ಹೋಗಬೇಕು? ಗೌಳಿಗರು ದನ ಮೇಯಿಸುತ್ತ ಕಾಡಿನ ಒಂದೊಂದು ತಿರುವಿಗೆ, ಒಂದೊಂದು ಒರತೆಗೆ ಇಟ್ಟುಕೊಂಡಿರುವ ಹೆಸರುಗಳಲ್ಲಿ ಅದು ಇನ್ನೂ ಬದುಕಿದೆ: ಹುಲಿಯ ಹೆಸರಿನ ಕಂದರದಲ್ಲಿ ಹುಲಿಯುಂಟು.

ಸ್ಥಾಪನೆಯ ಮಾತನ್ನು ಬೇಕೆಂದೇ ಕೊನೆಗಿಟ್ಟೆನು. ಭೂಗೋಳವು ಧರ್ಮವಾಗುವುದು ಅಲ್ಲಿಯೇ. ಖಾನಾಪುರದ ಗೃಹಸ್ಥನೊಬ್ಬನು ಬೆಳಗ್ಗೆ ಮಲಪ್ರಭೆಯಿಂದ ತಾಮ್ರದ ತಂಬಿಗೆಯಲ್ಲಿ ನೀರು ತಂದು ದೇವರ ಮುಂದಿಟ್ಟು, ಗಂಧ ಅಕ್ಷತೆ ತುಳಸಿಯನ್ನು ಹಾಕಿ, ತಂಬಿಗೆಯ ಬಾಯಿಗೆ ಬಲಗೈ ಮುಚ್ಚಿ ಮಂತ್ರ ಹೇಳುತ್ತಾನೆ. ಆ ಮಂತ್ರದಲ್ಲಿ ಅವನು ಕರೆಯುವುದು ಗಂಗೆಯನ್ನು, ಯಮುನೆಯನ್ನು, ಗೋದಾವರಿ ಸರಸ್ವತಿಯರನ್ನು, ನರ್ಮದೆ ಸಿಂಧು ಕಾವೇರಿಯರನ್ನು. ಏಳು ನದಿಗಳಲ್ಲಿ ಒಂದೂ ಅವನ ತಾಲ್ಲೂಕಿನದಲ್ಲ. ಅವನ ಮನೆಯ ಹೊಲಕ್ಕೆ ನೀರುಣಿಸುವ ಮಲಪ್ರಭೆಯ ಹೆಸರಿಲ್ಲ. ಆಕೆಯು ಹೋಗಿ ಸೇರುವ ಕೃಷ್ಣೆಗೂ ಆ ಏಳರ ಸಾಲಿನಲ್ಲಿ ಸ್ಥಾನ ದೊರೆತಿಲ್ಲ. ಎದುರಿಗೆ ಇರುವ ನೀರನ್ನು ಇಲ್ಲದ ನೀರಿನ ಹೆಸರಿನಿಂದ ಕರೆದು, ಹಾಗೆ ಕರೆದ ಮಾತ್ರಕ್ಕೆ ಅದು ಬಂದಿತೆಂದು ನಂಬಿ, ಕಣ್ಣಿಗೊತ್ತಿಕೊಳ್ಳುವ ಈ ಮನುಷ್ಯನನ್ನು ಕಂಡು ನಗುವುದು ಸುಲಭ. ಆದರೆ ಅವನು ಮಾಡುತ್ತಿರುವುದು ದೇಶವನ್ನು ತಂಬಿಗೆಯೊಳಗೆ ಇಳಿಸುವ ಕೆಲಸ. ಹಸ್ತಿನಾವತಿಯನ್ನೂ ಕಾಶಿಯನ್ನೂ ಕಾಣದೆ ಸತ್ತ ಅವನ ಅಜ್ಜ ಮುತ್ತಜ್ಜಂದಿರು ಈ ಏಳು ಹೆಸರುಗಳ ಬಲದಿಂದಲೇ ತಮ್ಮ ಹಿತ್ತಿಲಿಗಿಂತ ದೊಡ್ಡದಾದ ಒಂದು ಭೂಮಿಯಲ್ಲಿ ಬಾಳಿದರು. ಹರಿದಾಸರೂ ಪಂಢರಿಯ ವಾರಕರಿಗಳೂ ನಾಮವು ನಾಮಿಗಿಂತ ಮಿಗಿಲೆಂದು ಹಾಡಿದುದನ್ನು ಇದರೊಂದಿಗೆ ಇಟ್ಟು ನೋಡಬೇಕು. ಖಾನಾಪುರದ ಹಳ್ಳಿಗಳಲ್ಲಿ ಕನ್ನಡದ ಭಜನೆಯೂ ಮರಾಠಿಯ ಅಭಂಗವೂ ಒಂದೇ ಏಕಾದಶಿಯ ರಾತ್ರಿ ಕೇಳಿಬರುತ್ತವೆ.

ಬೃಹದಾರಣ್ಯಕದಲ್ಲಿ ಆರ್ತಭಾಗನು ಯಾಜ್ಞವಲ್ಕ್ಯನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಮನುಷ್ಯನು ಸತ್ತಾಗ ಅವನನ್ನು ಬಿಡದಿರುವುದು ಯಾವುದು? ನಾಮವೆಂದು ಮುನಿಯ ಉತ್ತರ. ನಾಮವು ಅನಂತವೆಂದು ಅದಕ್ಕೆ ಕಾರಣ. ಈ ಮಾತಿಗೆ ಭಾಷ್ಯ ಬೇಕೆನ್ನುವವರು ನಂದಗಡಕ್ಕೆ ಹೋಗಬೇಕು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಆ ಊರಿನಲ್ಲಿ ಅವನ ಸಮಾಧಿಯಿದೆ, ಆಲದ ಮರವಿದೆ. ಮಕ್ಕಳ ಭಾಗ್ಯ ಬೇಡಿ ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಆ ಸೀಮೆಯಲ್ಲಿ ಹುಟ್ಟಿದ ಎಷ್ಟು ಗಂಡುಮಕ್ಕಳಿಗೆ ಅವನ ಹೆಸರಿದೆಯೆಂಬುದನ್ನು ಶಾಲೆಯ ಹಾಜರಿಯೇ ಹೇಳಬೇಕು. ದೇಹವನ್ನು ಕೊಂದವರಿಗೆ ಹೆಸರನ್ನು ಕೊಲ್ಲಲಾಗಲಿಲ್ಲ.

ಈಗ ಮಲಪ್ರಭೆಯ ಬೆನ್ನು ಹತ್ತಿ ಹೋಗೋಣ. ಹೇಳಬೇಕೆಂದುಕೊಂಡ ಮುಖ್ಯ ಮಾತು ಆಕೆಯ ಕೊನೆಯಲ್ಲಿದೆ. ಹಳಬರು ಆಕೆಯನ್ನು ಮಲಾಪಹಾರಿಯೆಂದು ಕರೆದರು, ಮಲವನ್ನು ಕಳೆಯುವವಳೆಂದು. ಶೈವರ ಪರಿಭಾಷೆಯಲ್ಲಿ ಮಲಗಳು ಮೂರು, ಆಣವ ಮಾಯಾ ಕಾರ್ಮಿಕಗಳೆಂದು. ಕಣಕುಂಬಿಯಿಂದ ಹೊರಟ ನೀರು ಆ ಮೂರನ್ನೂ ತೊಳೆಯುವುದಾದರೆ ಅದರ ದಾರಿಯೂ ಅದಕ್ಕೆ ತಕ್ಕಂತೆಯೇ ಇದೆ. ಖಾನಾಪುರದ ಬಳಿ ಅಸೋಗೆಯ ರಾಮಲಿಂಗನ ಮೆಟ್ಟಿಲುಗಳನ್ನು ತೊಳೆದು, ಮಲೆಯನ್ನು ಬಿಟ್ಟು ಬಯಲಿಗಿಳಿದ ಮೇಲೆ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಸುತ್ತುತ್ತಾಳೆ. ನವಿಲುತೀರ್ಥದಲ್ಲಿ ಮರಳುಗಲ್ಲಿನ ಗುಡ್ಡವನ್ನು ಸೀಳುತ್ತಾಳೆ. ಪಟ್ಟದಕಲ್ಲಿನಲ್ಲಿ ಉತ್ತರವಾಹಿನಿಯಾಗಿ ಚಾಲುಕ್ಯರ ಗುಡಿಗಳನ್ನು ಬಳಸಿ, ಐಹೊಳೆಯನ್ನು ದಾಟಿ, ಸುಮಾರು 304 ಕಿಲೋಮೀಟರು ನಡೆದು ಕೃಷ್ಣೆಯಲ್ಲಿ ಬೆರೆಯುತ್ತಾಳೆ. ಉಪನಿಷತ್ತಿನ ಮಾತಿಗೆ ಇದು ಪ್ರತ್ಯಕ್ಷ ಸಾಕ್ಷಿ: ಅಲ್ಲಿಂದ ಮುಂದೆ ಮಲಪ್ರಭೆಯೆಂಬ ಹೆಸರಿಲ್ಲ, ಅವಳ ನೀರನ್ನು ಬೇರೆಯಾಗಿ ತೋರಿಸಬಲ್ಲವರಿಲ್ಲ.

ಆ ಸ್ಥಳವೇ ಕೂಡಲಸಂಗಮ. ಎಳವೆಯಲ್ಲಿ ಮನೆ ಬಿಟ್ಟು ಅಲ್ಲಿಗೆ ಬಂದ ಬಸವಣ್ಣನವರು ತಮ್ಮ ದೇವರನ್ನು ಕರೆದದ್ದು ಕೂಡಲಸಂಗಮದೇವನೆಂದು. ಅವರ ವಚನಗಳೆಲ್ಲ ಕೊನೆಮುಟ್ಟುವುದು ಆ ಅಂಕಿತದಲ್ಲಿ. ನದಿಯೊಂದು ತನ್ನ ಹೆಸರನ್ನು ಕಳೆದುಕೊಳ್ಳುವ ಠಾವನ್ನೇ ಅವರು ದೇವರಿಗೆ ಹೆಸರಾಗಿ ಆರಿಸಿಕೊಂಡರೆಂಬುದನ್ನು ನಾವು ನೂರು ಸಲ ವಚನಗಳನ್ನು ಓದಿಯೂ ಗಮನಿಸುವುದಿಲ್ಲ. ವೇದಾಂತಿಗೆ ನಾಮವು ಕಳೆಯಬೇಕಾದದ್ದು, ಭಕ್ತನಿಗೆ ನಾಮವು ಹಿಡಿಯಬೇಕಾದದ್ದು. ಈ ಎರಡು ಪಕ್ಷಗಳು ಗ್ರಂಥಗಳಲ್ಲಿ ಎಷ್ಟು ಕಾದಾಡಿದರೂ ಎರಡು ಹೊಳೆ ಬೆರೆಯುವ ಆ ಮೂಲೆಯಲ್ಲಿ ಅವುಗಳಿಗೆ ವಿರೋಧವಿಲ್ಲ. ಕನ್ನಡದ ಕೂಡಲಿಗೂ ಸಂಸ್ಕೃತದ ಸಂಗಮಕ್ಕೂ ಅರ್ಥ ಒಂದೇ. ಭಾಷೆಗಳೆರಡೂ ಅಲ್ಲಿ ಬಂದು ಬೆರೆತಿವೆ. ಇನ್ನೂ ಒಂದು ಮಾತು: ಆ ಅಂಕಿತವು ಭೂಗೋಳದ ಹೆಸರು, ಭೂಪಟದಲ್ಲಿ ಬೆರಳಿಟ್ಟು ತೋರಿಸಬಹುದಾದ ಊರು. ನಿರಾಕಾರನನ್ನು ಸಾರಿದ ಶರಣರು ದೇವರಿಗೆ ಊರಿನ ಗುರುತನ್ನು ಕೊಡಲು ಹಿಂಜರಿಯಲಿಲ್ಲ; ಅಕ್ಕನ ಚೆನ್ನಮಲ್ಲಿಕಾರ್ಜುನನೂ ಶ್ರೀಶೈಲದ ಗಿರಿಯವನೇ. ಈಗ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಆ ಸಂಗಮವನ್ನು ತುಂಬಿಕೊಂಡಿದೆ; ಬಸವಣ್ಣನವರ ಐಕ್ಯಲಿಂಗವನ್ನು ನೋಡಬೇಕಾದರೆ ನೀರಿನ ನಡುವೆ ಕಟ್ಟಿದ ಬಾವಿಯಂಥ ಕಟ್ಟಡದೊಳಗೆ ಮೆಟ್ಟಿಲಿಳಿದು ಹೋಗಬೇಕು.

ಇಷ್ಟು ಹೇಳಿದ ಮೇಲೆ ಬೆಳಗಾವಿಯ ಹೆಸರಿಗಾಗಿ ಕನ್ನಡಿಗರೂ ಮರಾಠಿಗರೂ ಆಡುವ ಜಗಳದ ವಿಷಯದಲ್ಲಿ ಸುಮ್ಮನಿರುವುದು ಹೇಡಿತನವಾದೀತು. 1956ರ ರಾಜ್ಯಗಳ ಪುನರ್ವಿಂಗಡಣೆ, 1967ರ ಮಹಾಜನ ವರದಿ, 2004ರಿಂದ ಸರ್ವೋಚ್ಚ ನ್ಯಾಯಾಲಯದಲ್ಲಿರುವ ದಾವೆ, ಇವುಗಳ ನ್ಯಾಯಾನ್ಯಾಯ ಬೇರೆ ಪ್ರಕರಣ. ನಾನು ಹೇಳುವುದು ಫಲಕಗಳಿಗೆ ಮಸಿ ಬಳಿಯುವವರ ವಿಷಯ. ಎರಡು ಕಡೆಯವರೂ ಹೆಸರನ್ನು ಸ್ವತ್ತೆಂದು ತಿಳಿದಿದ್ದಾರೆ. ವೇದಾಂತ, ಜಿನಾಗಮ, ಭಕ್ತಿ, ಈ ಮೂರರಲ್ಲಿ ಯಾವುದೂ ಹಾಗೆ ತಿಳಿದಿಲ್ಲ. ಮಾವುಲಿಯೆಂದರೂ ತಾಯಿ, ಮಹದಾಯಿಯೆಂದರೂ ತಾಯಿ. ಕೂಗುವವನ ಭಾಷೆ ಯಾವುದೆಂದು ಕೇಳಿ ಅನಂತರ ಓಗೊಡುವ ತಾಯಿಯನ್ನು ನಾನಂತೂ ಕಂಡಿಲ್ಲ.

ನಿಜವಾದ ನಷ್ಟ ಬೇರೆ ಕಡೆ ಆಗುತ್ತಿದೆ. ಹೆಸರು ಮಾತಿನ ಆಸರೆಯುಳ್ಳದ್ದೆಂದು ಉದ್ದಾಲಕನು ಹೇಳಿದ್ದು ದಿಟವಾದರೆ, ಮಾತನಾಡುವವರು ಹೋದ ದಿನ ಅದೂ ಹೋಗುತ್ತದೆ. 2011ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಭೀಮಗಡದ ಕಾಡಿನೊಳಗಿನ ಹಳ್ಳಿಗರು, ರಸ್ತೆಯಿಲ್ಲದೆ ಆಸ್ಪತ್ರೆಯಿಲ್ಲದೆ ಬೇಸತ್ತು, ಕಾಡು ಬಿಟ್ಟು ಬರಲು ಮನಸ್ಸು ಮಾಡುತ್ತಿದ್ದಾರೆ. ಅವರು ಬರುವುದು ತಪ್ಪಲ್ಲ, ತಡೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅವರೊಂದಿಗೆ ನೂರಾರು ಒರತೆ, ಕಣಿವೆ, ಬಂಡೆ, ಹಾಡ್ಯಗಳ ಹೆಸರುಗಳು ಖಾನಾಪುರದ ಬಾಡಿಗೆ ಮನೆಗಳಿಗೆ ಬಂದು ಒಂದು ತಲೆಮಾರಿನಲ್ಲಿ ಬತ್ತಿಹೋಗುತ್ತವೆ. ಸರ್ವೇ ನಕ್ಷೆಯಲ್ಲಿ ಅವಕ್ಕಿರುವುದು ಅಂಕಿ ಮಾತ್ರ. ಜಾಂಬೋಟಿ, ಕಣಕುಂಬಿ, ಗುಂಜಿ, ನಂದಗಡಗಳ ಶಾಲೆಯ ಮಾಸ್ತರರು ಮನಸ್ಸು ಮಾಡಿದರೆ, ಬರುವ ದೀಪಾವಳಿಯ ರಜೆಯಲ್ಲಿ ಮಕ್ಕಳ ಕೈಗೆ ಒಂದೊಂದು ನೋಟುಪುಸ್ತಕ ಕೊಟ್ಟು, ಅವರ ಅಜ್ಜಿಯರಿಂದ ಊರ ಸುತ್ತಿನ ಹಳ್ಳಕೊಳ್ಳಗಳ ಹೆಸರನ್ನು ಕೇಳಿ ಬರೆಸಬಹುದು. ಕನ್ನಡವಾಗಲಿ, ಮರಾಠಿಯಾಗಲಿ, ಕೊಂಕಣಿಯಾಗಲಿ, ಅಜ್ಜಿ ಹೇಳಿದ ಹಾಗೆಯೇ ಬರೆಯಲಿ, ತಿದ್ದುವುದು ಬೇಡ.